ಬಲಿಪಾಡ್ಯಮಿಯೂ ದ್ಯೂತವ್ಯಸನವೂ



ಕಾರ್ತಿಕ ಶುದ್ಧ ಪ್ರತಿಪದೆಯು ಬಲಿಪಾಡ್ಯಮಿಯೆಂದು ನಮ್ಮಲ್ಲಿ ಪ್ರಸಿದ್ಧವಾಗಿದೆ. ಅಂದು ಅಭ್ಯಂಗ, ಬಲೀಂದ್ರನ ಪೂಜೆ, ಗೋಪೂಜೆ, ಗೋವರ್ಧನಪೂಜೆಗಳು ನಡೆಯುತ್ತವೆ. ಅದೇ ತಿಥಿಗೆ ದ್ಯೂತಪ್ರತಿಪದೆ ಎಂಬ ಇನ್ನೊಂದು ಹೆಸರೂ ಉಂಟು. ಹಬ್ಬದೂಟವಾದ ಮೇಲೆ ಹಿರಿಯರೂ ಕಿರಿಯರೂ ಹಾಸು ಬಿಡಿಸಿ ಪಗಡೆಯನ್ನೋ ಕವಡೆಯನ್ನೋ ಆಡುವುದು, ಗೆದ್ದವರಿಗೆ ವರ್ಷವೆಲ್ಲ ಶುಭವೆಂದು ಹೇಳಿ ನಗುವುದು ಎಷ್ಟೋ ಮನೆಗಳಲ್ಲಿ ನಡೆದುಬಂದ ಪದ್ಧತಿ. ಹುಣಸೆಬೀಜವೂ ಅಡಕೆಯ ಹೋಳೂ ಪಣವಾಗಿರುವವರೆಗೆ ಈ ಆಟದ ಮೇಲೆ ನಮಗೆ ಯಾವ ಆಕ್ಷೇಪವೂ ಇಲ್ಲ. ಆದರೆ ಅದೇ ಹಾಸಿನ ಮಗ್ಗುಲಲ್ಲಿ ಕುಳಿತ ಹುಡುಗನ ಅಂಗೈಯೊಳಗೆ ಇಂದು ಇನ್ನೊಂದು ಆಟ ನಡೆಯುತ್ತಿರುವುದನ್ನು ನಾವು ಕಂಡೂ ಕಾಣದವರಂತೆ ಇರಲಾಗದು. ಈ ಸಲದ ಪಾಡ್ಯಮಿಯ ಪ್ರವಚನದಲ್ಲಿ ಹೇಳಿದ ವಿಷಯವನ್ನೇ, ಅಂದು ಬರಲಾಗದ ಮನೆಗಳಿಗೂ ತಲುಪಲೆಂದು, ಇಲ್ಲಿ ಬರೆದಿದ್ದೇವೆ.

ಹೋದ ವರ್ಷ ಇದೇ ಹಬ್ಬದ ಮರುದಿನ ಒಬ್ಬ ಗೃಹಸ್ಥರು ಮಂದಿರಕ್ಕೆ ಬಂದರು. ನಿವೃತ್ತ ಉಪಾಧ್ಯಾಯರು, ಏಕಾದಶಿಯನ್ನು ಎಂದೂ ತಪ್ಪಿಸಿದವರಲ್ಲ. ಅವರ ಅನುಮತಿಯಿಂದಲೇ, ಹೆಸರು ಊರುಗಳನ್ನು ಬಿಟ್ಟು, ಈ ಸಂಗತಿಯನ್ನು ಹೇಳುತ್ತಿದ್ದೇವೆ. ಮಗನ ಜಾತಕವನ್ನು ಮುಂದಿಟ್ಟು, ಯಾವ ಗ್ರಹಕ್ಕೆ ಶಾಂತಿ ಮಾಡಿಸಬೇಕೆಂದು ಕೇಳಿದರು. ಜಾತಕವನ್ನು ಮಡಿಸಿಡಲು ಹೇಳಿ, ನಡೆದುದೇನೆಂದು ವಿಚಾರಿಸಿದೆವು. ಮಗನು ಒಳ್ಳೆಯ ನೌಕರಿಯಲ್ಲಿರುವವನು, ವಿವಾಹಿತ. ಮೊಬೈಲಿನಲ್ಲಿ ಕ್ರಿಕೆಟ್ ಪಂದ್ಯಗಳ ಮೇಲೆ ಬಾಜಿ ಕಟ್ಟಲು ತೊಡಗಿದ್ದ. ಮೊದಲು ನೂರು, ಇನ್ನೂರು. ಬರುಬರುತ್ತ ತಿಂಗಳ ಸಂಬಳವೇ. ಒಮ್ಮೆ ತಂದೆಯವರು ತಮ್ಮ ಭವಿಷ್ಯನಿಧಿಯ ಹಣದಿಂದ ಸಾಲ ತೀರಿಸಿ, ದೇವರ ಮುಂದೆ ತುಳಸಿ ಹಿಡಿಸಿ ಆಣೆ ಮಾಡಿಸಿದರು. ಎಂಟು ತಿಂಗಳಲ್ಲಿ ಮತ್ತೆ ಸಾಲ. ಸೊಸೆಯ ಬಳೆಗಳು ಗಿರವಿಗೆ ಹೋದವು. ಈಗ ಬಂದಿರುವುದು ಮೂರನೆಯ ಸಾಲ. "ಮಗಳ ಮದುವೆಯ ಮಾತು ನಡೆದಿದೆ, ಆಚಾರ್ಯರೇ. ಇದು ಯಾರಿಗೂ ತಿಳಿಯಬಾರದು. ಈ ಸಲ ಮನೆಯನ್ನೇ ಅಡವಿಟ್ಟು ತೀರಿಸಿಬಿಡುತ್ತೇನೆ, ಮುಂದೆ ಹೀಗಾಗದಂತೆ ಒಂದು ಶಾಂತಿ ಹೇಳಿ" ಎಂದು ಅವರು ಉತ್ತರೀಯದಿಂದ ಕಣ್ಣೊರಸಿಕೊಂಡರು.

ಆ ಮಾತನ್ನು ಕೇಳುತ್ತಿದ್ದಂತೆ ನಮಗೆ ಸಭಾಪರ್ವವು ನೆನಪಾಯಿತು. ಅದರಲ್ಲಿಯೂ ನಾವು ಸಾಮಾನ್ಯವಾಗಿ ಅವಸರದಿಂದ ದಾಟಿಹೋಗುವ ಭಾಗವು ನೆನಪಾಯಿತು.

ಧರ್ಮರಾಜನು ಮೂರ್ಖನಲ್ಲ, ಲೋಭಿಯೂ ಅಲ್ಲ, ಸಾಕ್ಷಾತ್ ಯಮಧರ್ಮನ ಅವತಾರ. ವಿದುರನು ಆಮಂತ್ರಣವನ್ನು ತಂದಾಗ, ದ್ಯೂತವು ಕಲಹಕ್ಕೆ ಮೂಲವೆಂದು ತಾನೇ ಬಾಯಿಬಿಟ್ಟು ಹೇಳಿದವನು. ವಿದುರನೂ ಯಮನ ಅಂಶವೇ ಎಂಬುದು ನಮ್ಮ ಸಿದ್ಧಾಂತದಲ್ಲಿ ಪ್ರಸಿದ್ಧ. ಒಂದೇ ದೇವತೆಯ ಎರಡು ರೂಪಗಳು ಆ ಸಭೆಯಲ್ಲಿದ್ದವು. ಒಂದು ಆಡುತ್ತಿತ್ತು, ಇನ್ನೊಂದು ಬೇಡ ಬೇಡವೆನ್ನುತ್ತಿತ್ತು. ಆಟಕ್ಕೆ ಸಿಕ್ಕಿಬಿದ್ದವನ ಅಂತರಂಗವೂ ಹೀಗೆಯೇ ಇರುತ್ತದೆ. ಅವನಿಗೆ ತಿಳಿವಳಿಕೆ ಹೇಳಿದರೆ ಸಾಕೆಂದು ಮನೆಯವರು ಭಾವಿಸುತ್ತಾರೆ. ತಿಳಿವಳಿಕೆ ಅವನಲ್ಲಿ ಮೊದಲೇ ಇದೆ. ಅದರ ಮಾತು ಮಾತ್ರ ನಡೆಯುತ್ತಿಲ್ಲ.

ಮೊದಲ ಪಣವು ಒಂದು ಮಣಿಹಾರ. ಬಳಿಕ ಬಂಗಾರ, ರಥ, ದಾಸದಾಸಿಯರು, ಆನೆ, ಕುದುರೆ, ಗೋಸಂಪತ್ತು. ಆಮೇಲೆ ನಗರ, ನಾಡು. ಅಲ್ಲಿಗೂ ನಿಲ್ಲದೆ ನಕುಲ, ಸಹದೇವ, ಅರ್ಜುನ, ಭೀಮಸೇನ, ಅನಂತರ ತಾನು, ತನ್ನನ್ನು ಸೋತ ಮೇಲೆ ದ್ರೌಪದೀದೇವಿ. ಶಕುನಿಯು ಪ್ರತಿಸಲವೂ, ಇಷ್ಟು ಸೋತೆಯಲ್ಲ, ಸೋಲದೆ ಉಳಿದದ್ದು ಇನ್ನೇನಾದರೂ ಇದ್ದರೆ ಹೇಳು ಎಂದು ಕೆಣಕುತ್ತಾನೆ. ಸೋತವನ ಕಣ್ಣಿಗೆ ಹೋದದ್ದು ಕಾಣುವುದಿಲ್ಲ, ಉಳಿದದ್ದು ಮಾತ್ರ ಕಾಣುತ್ತದೆ. ಉಳಿದದ್ದೆಲ್ಲವೂ ಹೋದುದನ್ನು ತರುವ ಸಾಧನವಾಗಿ ತೋರುತ್ತದೆ. ಸೋಲು ಹೆಚ್ಚಿದಷ್ಟೂ ಪಣವು ಹಿರಿದಾಗುವುದೇ ಈ ರೋಗದ ಮೊದಲ ಲಕ್ಷಣ. ನೂರು ರೂಪಾಯಿ ಸೋತು ಎದ್ದವನಿಗಿಂತ, ಹತ್ತು ರೂಪಾಯಿ ಸೋತು ಅದನ್ನು ತರಲು ಇಪ್ಪತ್ತನ್ನು ಇಟ್ಟವನ ಬಗ್ಗೆಯೇ ನಾವು ಹೆಚ್ಚು ಭಯಪಡಬೇಕು.

ಇದು ನಮ್ಮ ಊಹೆಯಲ್ಲ. ವನಪರ್ವದಲ್ಲಿ ಭೀಮಸೇನನು ಕಟುವಾದ ಮಾತುಗಳಿಂದ ಅಣ್ಣನನ್ನು ಪ್ರಶ್ನಿಸಿದಾಗ ಧರ್ಮರಾಜನೇ ಒಪ್ಪಿಕೊಳ್ಳುತ್ತಾನೆ: ದುರ್ಯೋಧನನ ರಾಜ್ಯವನ್ನು ತೆಗೆದುಕೊಳ್ಳುವ ಬಯಕೆಯಿಂದಲೇ ತಾನು ದಾಳಗಳನ್ನು ಹಿಡಿದುದು, ಸೌಬಲನ ಇಚ್ಛೆಯಂತೆಯೇ ದಾಳಗಳು ಬೀಳುತ್ತಿರುವುದು ಕಣ್ಣೆದುರಿಗೇ ಕಾಣುತ್ತಿತ್ತು, ಆಗಲೇ ಮನಸ್ಸನ್ನು ಹಿಡಿಯಬಹುದಿತ್ತು, ಆದರೆ ಕೋಪವು ಪುರುಷನ ಧೈರ್ಯವನ್ನು ಕೊಂದುಬಿಡುತ್ತದೆ ಎಂದು. ಹನ್ನೆರಡು ವರ್ಷಗಳ ವನವಾಸದಲ್ಲಿ ಅವನು ಆಡಿದ ಮಾತುಗಳಲ್ಲಿ ಇದಕ್ಕಿಂತ ದೊಡ್ಡದು ನಮಗೆ ಕಾಣುವುದಿಲ್ಲ. ಕ್ಷತ್ರಿಯಧರ್ಮ, ಕರೆದರೆ ಬಾರೆನೆನ್ನಲಾಗದ ವ್ರತ, ದೈವಸಂಕಲ್ಪ ಎಂದು ನಾವು ಅವನ ಪರವಾಗಿ ಎಷ್ಟೋ ಸಮಾಧಾನಗಳನ್ನು ಹೇಳುತ್ತೇವೆ. ಅವನು ತನ್ನ ತಮ್ಮನೆದುರು ಅವುಗಳ ಹಿಂದೆ ಅಡಗಲಿಲ್ಲ.

ಇನ್ನು ಅವಸರದಿಂದ ದಾಟಿಹೋಗುವ ಭಾಗ. ದ್ರೌಪದೀದೇವಿಗೆ ಧೃತರಾಷ್ಟ್ರನು ವರಗಳನ್ನು ಕೊಟ್ಟನು; ಪಾಂಡವರು ದಾಸ್ಯದಿಂದ ಬಿಡುಗಡೆ ಹೊಂದಿದರು; ಸೋತ ರಾಜ್ಯಕೋಶಗಳೆಲ್ಲವೂ ಮರಳಿ ಬಂದವು. ಸಾಲವೆಲ್ಲ ತೀರಿತು ಎಂದು ಹೇಳೋಣ. ಇಂದ್ರಪ್ರಸ್ಥದ ದಾರಿಯನ್ನು ಹಿಡಿದಿದ್ದ ರಥಗಳು ಮನೆ ಮುಟ್ಟಲಿಲ್ಲ. ಎರಡನೆಯ ಕರೆ ಬಂದಿತು. ಧರ್ಮರಾಜನು ಹಿಂದಿರುಗಿ ಅದೇ ಸಭೆಯಲ್ಲಿ, ಅದೇ ಶಕುನಿಯೊಡನೆ ಕುಳಿತನು. ಅನುದ್ಯೂತವೆಂದರೆ ಅದೇ. ತೀರಿಸಿದ ಸಾಲವು ಆಡುವವನ ಕೈಗೆ ಹೊಸ ಬಂಡವಾಳ. "ಮಹನೀಯರೇ, ತಾವು ಎರಡು ಸಲ ಧೃತರಾಷ್ಟ್ರನ ವರವನ್ನು ಕೊಟ್ಟಿದ್ದೀರಿ, ಮೂರನೆಯದನ್ನು ಕೊಡಬೇಡಿ" ಎಂದು ಆ ಉಪಾಧ್ಯಾಯರಿಗೆ ನಾವು ಹೇಳಿದುದು ಕಠಿನವಾಗಿಯೇ ತೋರಿರಬೇಕು. ಅವರು ಬಹಳ ಹೊತ್ತು ಮಾತನಾಡಲಿಲ್ಲ.

ಋಗ್ವೇದದ ಹತ್ತನೆಯ ಮಂಡಲದಲ್ಲಿ 34ನೆಯದಾಗಿ ಅಕ್ಷಸೂಕ್ತವಿದೆ; ಹದಿನಾಲ್ಕು ಮಂತ್ರಗಳು. ಶ್ರೀಮದಾಚಾರ್ಯರ ಋಗ್ಭಾಷ್ಯವು ಮೊದಲ ನಲವತ್ತು ಸೂಕ್ತಗಳಿಗೆ ಸಂಬಂಧಿಸಿದುದಾದ್ದರಿಂದ ಇದಕ್ಕೆ ಅವರ ಭಾಷ್ಯಾಮೃತವು ನಮಗೆ ದೊರೆತಿಲ್ಲ. ಆದರೂ ಇದರ ಅಭಿಪ್ರಾಯವು ಎಂಥವನಿಗೂ ತಿಳಿಯುವಂತಿದೆ. ತಾರೆಮರದ ಕಾಯಿಗಳೇ ಅಂದಿನ ದಾಳಗಳು. ಜೂಜುಗಾರನೇ ತನ್ನ ಕಥೆಯನ್ನು ಹೇಳಿಕೊಳ್ಳುತ್ತಾನೆ. ಹೆಂಡತಿ ಒಳ್ಳೆಯವಳು, ತನ್ನನ್ನೂ ತನ್ನ ಗೆಳೆಯರನ್ನೂ ಆದರಿಸಿದವಳು. ಆಟಕ್ಕಾಗಿ ಅವಳನ್ನು ದೂರಮಾಡಿಕೊಂಡ. ಅತ್ತೆಯು ದ್ವೇಷಿಸುತ್ತಾಳೆ, ತಂದೆ ತಾಯಿ ಅಣ್ಣತಮ್ಮಂದಿರು ಇವನನ್ನು ತಾವು ಅರಿಯೆವೆನ್ನುತ್ತಾರೆ. ಇನ್ನು ಆಡೆನೆಂದು ನಿಶ್ಚಯಿಸುತ್ತಾನೆ. ದಾಳಗಳ ಸದ್ದು ಕೇಳಿದೊಡನೆ ಕಾಲು ತಾನಾಗಿ ಅತ್ತ ಸಾಗುತ್ತದೆ. ಗೆಲ್ಲುವೆನೇ ಎಂದು ತನ್ನನ್ನೇ ಕೇಳಿಕೊಳ್ಳುತ್ತ ನಡುಗುತ್ತಾನೆ. ಸಾಲಕ್ಕೆ ಹೆದರಿ ರಾತ್ರಿಯ ಹೊತ್ತು ಪರರ ಮನೆಗೆ ಹೋಗುತ್ತಾನೆ. ಇತರರ ಸುವ್ಯವಸ್ಥಿತವಾದ ಮನೆಗಳನ್ನು ಕಂಡು ಒಳಗೇ ಬೇಯುತ್ತಾನೆ. ಕೊನೆಯಲ್ಲಿ ಸವಿತೃದೇವನು ಅವನಿಗೆ ಹೇಳುವುದು ಇಷ್ಟೇ: ಆಡಬೇಡ, ಹೊಲವನ್ನು ಉಳು, ನಿನ್ನ ಹಸುಗಳೂ ನಿನ್ನ ಹೆಂಡತಿಯೂ ಅಲ್ಲಿದ್ದಾರೆ.

1957ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬೆಂಗಳೂರಿನಿಂದ ಹೊರಡುತ್ತಿದ್ದ ಒಂದು ಪತ್ರಿಕೆಯ ಪದಬಂಧ ಬಹುಮಾನ ಸ್ಪರ್ಧೆಯ ಮೊಕದ್ದಮೆಯನ್ನು ತೀರ್ಮಾನಿಸುವಾಗ ಈ ಸೂಕ್ತವನ್ನೂ ಮಹಾಭಾರತವನ್ನೂ ಸ್ಮರಿಸಿ, ಜೂಜು ವ್ಯಾಪಾರವೆಂಬ ಹೆಸರಿಗೇ ಅರ್ಹವಲ್ಲವೆಂದಿತು. ವೈದ್ಯರಾದರೋ ಸ್ವಲ್ಪ ತಡವಾಗಿ ಈ ಮಾತಿಗೆ ಬಂದರು. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಇದನ್ನು ತನ್ನ ರೋಗಗಳ ಕೈಪಿಡಿಯಲ್ಲಿ ಸೇರಿಸಿತು. 2013ರಲ್ಲಿ ಮದ್ಯ ಮೊದಲಾದ ವ್ಯಸನಗಳ ಸಾಲಿಗೇ ತಂದಿತು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿಯೂ ಅದು ಹಾಗೆಯೇ ಇದೆ. ಆ ಕೈಪಿಡಿ ಹೇಳುವ ಲಕ್ಷಣಗಳು ಒಂಬತ್ತು. ಒಂದು ವರ್ಷದ ಅವಧಿಯಲ್ಲಿ ನಾಲ್ಕು ಕಂಡರೂ ರೋಗವೆಂದೇ ನಿರ್ಣಯ. ಸೋತದ್ದನ್ನು ತರಲು ಮರುದಿನ ಮತ್ತೆ ಹೋಗುವುದು, ಮೊದಲಿನಷ್ಟೇ ಉತ್ಸಾಹಕ್ಕೆ ಪಣವನ್ನು ಹೆಚ್ಚಿಸಬೇಕಾಗುವುದು, ಬಿಡಲು ಹೋದರೆ ಚಡಪಡಿಕೆ, ಮನಸ್ಸಿಗೆ ಬೇಸರವಾದಾಗಲೆಲ್ಲ ಆಟವನ್ನೇ ಆಶ್ರಯಿಸುವುದು, ಮನೆಯವರಲ್ಲಿ ಸುಳ್ಳು ಹೇಳುವುದು, ಸಾಲ ತೀರಿಸಲು ಇತರರನ್ನು ನೆಚ್ಚುವುದು ಇವೆಲ್ಲ ಅದರಲ್ಲಿವೆ. ಅಕ್ಷಸೂಕ್ತವನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣದು.

ಮನೆಯಲ್ಲಿ ಪರೀಕ್ಷಿಸಿ ನೋಡಲು ವೈದ್ಯರು ಎರಡೇ ಪ್ರಶ್ನೆಗಳನ್ನೂ ಹೇಳುತ್ತಾರೆ. ಪಣವನ್ನು ಹೆಚ್ಚಿಸುತ್ತ ಹೋಗಬೇಕೆಂದು ಎಂದಾದರೂ ಅನಿಸಿದೆಯೇ? ಎಷ್ಟು ಆಡಿದೆನೆಂಬ ಬಗ್ಗೆ ಆಪ್ತರಲ್ಲಿ ಎಂದಾದರೂ ಸುಳ್ಳು ಹೇಳಬೇಕಾಗಿ ಬಂದಿದೆಯೇ? ಒಂದಕ್ಕೆ ಹೌದೆಂಬ ಉತ್ತರ ಬಂದರೂ ತಡಮಾಡಬಾರದು. ನಮ್ಮ ಅನುಭವದಲ್ಲಿ ಎರಡನೆಯದೇ ಹೆಚ್ಚು ಮುಖ್ಯ. ಹಣ ಹೋಗುವುದಕ್ಕೂ ಬಹಳ ಮುಂಚೆ ಮಾತು ಕೆಡುತ್ತದೆ. ಸಂಧ್ಯಾವಂದನೆಗೆ ಕುಳಿತವನ ಕಣ್ಣು ಮೊಬೈಲಿನ ಮೇಲಿರುತ್ತದೆ. ಬ್ಯಾಂಕಿನ ಕಾಗದಗಳು ಮನೆಗೆ ಬರುವುದು ನಿಲ್ಲುತ್ತದೆ. ಶ್ರಾದ್ಧಕ್ಕೆ ತೆಗೆದಿಟ್ಟ ಹಣವನ್ನು "ನಾಳೆ ಕೊಡುತ್ತೇನೆ" ಎಂದು ಒಯ್ಯಲಾಗುತ್ತದೆ. ಏಕಾದಶಿಯಂದು ಬಿಡಬೇಕಾದವುಗಳಲ್ಲಿ ದ್ಯೂತವೂ ಸೇರಿದೆ. ಜಾಗರಣೆಯೆಂದು ಇಸ್ಪೀಟಿನ ಎಲೆಗಳನ್ನು ಹಿಡಿದು ರಾತ್ರಿ ಕಳೆಯುವವರು ಉಪವಾಸದ ಫಲವನ್ನು ಯಾವ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೋ ನಾವರಿಯೆವು.

ಪ್ರವಚನವಾದ ಮೇಲೆ ತರುಣರು ಕೆಲವು ಪ್ರಶ್ನೆಗಳನ್ನು ಕೇಳಿದರು. ಸಂತೋಷವಾಯಿತು, ಕೇಳದೆ ಎದ್ದುಹೋಗುವವರಿಗಿಂತ ಕೇಳುವವರು ಲೇಸು. ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಭಗವಂತನು ದ್ಯೂತವನ್ನೂ ತನ್ನ ವಿಭೂತಿಗಳಲ್ಲಿ ಹೇಳಿರುವನಲ್ಲವೇ ಎಂದು ಒಬ್ಬನು ಕೇಳಿದನು. ಹೌದು, ಆದರೆ ಅಲ್ಲಿ ವಂಚಿಸುವವರ ಸಂಬಂಧದಲ್ಲಿಯೇ ಅದನ್ನು ಹೇಳಿದೆ, ವಂಚನೆಯೆಂಬ ಮುದ್ರೆ ಆ ಮಾತಿನಲ್ಲಿಯೇ ಬಿದ್ದಿದೆ. ಅದೇ ಅಧ್ಯಾಯದಲ್ಲಿ ಸರ್ವವನ್ನೂ ಅಪಹರಿಸುವ ಮೃತ್ಯುವೂ ವಿಭೂತಿಯೆನಿಸಿದೆ. ಅದಕ್ಕಾಗಿ ಯಾರೂ ಮೃತ್ಯುವನ್ನು ಹುಡುಕಿಕೊಂಡು ಹೋಗುವುದಿಲ್ಲ. ಅದೇ ಶ್ರೀಕೃಷ್ಣನು ಕಾಮ್ಯಕವನದಲ್ಲಿ ಪಾಂಡವರನ್ನು ಕಂಡಾಗ, ತಾನು ಸಾಲ್ವನೊಡನೆ ಯುದ್ಧದಲ್ಲಿಲ್ಲದೆ ದ್ವಾರಕೆಯಲ್ಲಿದ್ದಿದ್ದರೆ ಕರೆಯದಿದ್ದರೂ ಹಸ್ತಿನಾವತಿಗೆ ಬಂದು, ದ್ಯೂತದ ದೋಷಗಳನ್ನೆಲ್ಲ ತೋರಿಸಿ, ಅದನ್ನು ನಿಲ್ಲಿಸುತ್ತಿದ್ದೆನೆಂದು ಹೇಳಿದನು. ಸರ್ವಜ್ಞನಾದ ಸ್ವಾಮಿಯ ಈ ಮಾತು ನಮ್ಮ ಶಿಕ್ಷಣಕ್ಕಾಗಿಯೇ ಬಂದದ್ದು.

ಇನ್ನೊಬ್ಬನು, ನಳಮಹಾರಾಜನು ಮರಳಿ ಆಡಿಯೇ ರಾಜ್ಯವನ್ನು ಪಡೆಯಲಿಲ್ಲವೇ ಎಂದನು. ಜಾಣನಾದ ಹುಡುಗ. ಆದರೆ ನಳನು ಸೋಲುತ್ತಿದ್ದಾಗ ಕಲಿಯು ಅವನ ಒಳಗಿದ್ದನು. ಹನ್ನೆರಡನೆಯ ವರ್ಷದಲ್ಲಿ, ಒಮ್ಮೆ ಕಾಲು ತೊಳೆಯದೆ ಸಂಧ್ಯೆಗೆ ಕುಳಿತ ಅಷ್ಟು ಸಣ್ಣ ಬಿರುಕಿನಿಂದ ಒಳಹೊಕ್ಕವನು ಆ ಕಲಿ. ರಾಜನು ಬಾಹುಕನೆಂಬ ಹೆಸರಿನಲ್ಲಿ ಪರರ ಕುದುರೆಗಳನ್ನು ತೊಳೆದು, ಋತುಪರ್ಣನಿಂದ ಅಕ್ಷಹೃದಯವನ್ನು ಪಡೆದ ಮೇಲೆಯೇ ಕಲಿಯು ಹೊರಬಿದ್ದು ತಾರೆಮರವನ್ನು ಹೊಕ್ಕನು. ಆಮೇಲೆ ನಳನು ಪುಷ್ಕರನೊಡನೆ ಇಟ್ಟದ್ದು ಒಂದೇ ಪಣ. ಕಲಿಯನ್ನು ಒಳಗಿಟ್ಟುಕೊಂಡೇ ಹೋದುದನ್ನು ತರುತ್ತೇನೆನ್ನುವವನಿಗೆ ನಳನ ಹೆಸರೆತ್ತುವ ಅಧಿಕಾರವಿಲ್ಲ. ಇಂದಿನ ಆಟದ ಅಕ್ಷಹೃದಯವಾದರೋ ಆಡುವವನ ಬಳಿ ಇಲ್ಲವೇ ಇಲ್ಲ. ಅದು ಆಡಿಸುವವನ ಯಂತ್ರದೊಳಗಿದೆ.

ಇಲ್ಲಿ ಸ್ವಲ್ಪ ಲೆಕ್ಕವನ್ನೂ ಹೇಳಬೇಕು. ಕೌಟಿಲ್ಯನು ದ್ಯೂತಾಧ್ಯಕ್ಷನು ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ತೆಗೆದುಕೊಳ್ಳಬೇಕೆಂದು ವಿಧಿಸಿದ್ದಾನೆ. ಅದೇ ಪ್ರಮಾಣವನ್ನೇ ಇಟ್ಟುಕೊಳ್ಳೋಣ. ನಾಲ್ವರು ಸೇರಿ 100 ರೂಪಾಯಿಗಳನ್ನು ಪೂರ್ತಿಯಾಗಿ ಪಣವಿಟ್ಟು ಸುತ್ತು ಸುತ್ತಾಗಿ ಆಡಲಿ. ಆಡಿಸುವವನು ಪ್ರತಿ ಸುತ್ತಿನಲ್ಲೂ ಇದ್ದ ಹಣದಲ್ಲಿ ನೂರಕ್ಕೆ ಐದರಂತೆ ಎತ್ತಿಕೊಳ್ಳಲಿ. 14 ಸುತ್ತು ಮುಗಿಯುವಾಗ ನಾಲ್ವರ ನಡುವೆ 49 ರೂಪಾಯಿಯೂ ಉಳಿದಿರುವುದಿಲ್ಲ. ಯಾರು ಗೆದ್ದರು, ಯಾರು ಸೋತರು ಎಂಬುದು ಅವರೊಳಗಿನ ಜಗಳ. ಹತ್ತು ಸಲ ಸೋತವನಿಗೆ ಹನ್ನೊಂದನೆಯದು ತನ್ನದೇ ಎನಿಸುತ್ತದೆ. ದಾಳಕ್ಕೆ ಹಿಂದಿನ ಹತ್ತರ ನೆನಪಿರುವುದಿಲ್ಲ. ಜೀವನು ಪರತಂತ್ರನೆಂದು ನಿತ್ಯವೂ ಹೇಳಿಕೊಳ್ಳುವ ನಾವು, ದಾಳವನ್ನು ಹಿಡಿದಾಗ ಮಾತ್ರ "ನನ್ನ ಕೈ ಚೆನ್ನಾಗಿದೆ" ಎನ್ನುವುದು ಎಂಥ ಸ್ವಾತಂತ್ರ್ಯಭ್ರಮೆ! ಅದಕ್ಕಿಂತಲೂ ಕೆಟ್ಟದ್ದು, ಗೆದ್ದರೆ ಸೇವೆ ಮಾಡಿಸುತ್ತೇನೆಂಬ ಹರಕೆ. ಅಂಥ ಹಣದ ಸೇವೆಯನ್ನು ನಮ್ಮ ಮಂದಿರದಲ್ಲಿ ಬರೆದುಕೊಳ್ಳುವುದಿಲ್ಲ. ಪರೀಕ್ಷಿತನು ಕಲಿಗೆ ಮೊದಲು ಕೊಟ್ಟ ನಾಲ್ಕು ನೆಲೆಗಳಲ್ಲಿ ದ್ಯೂತವೂ ಒಂದೆಂಬುದು ಭಾಗವತವನ್ನು ಕೇಳಿದವರಿಗೆಲ್ಲ ತಿಳಿದದ್ದೇ.

ಹಾಗಾದರೆ ಮಿತಿಯಲ್ಲಿ ಆಡಬಹುದೇ? ಕೇರಳ ಸರ್ಕಾರವು 1967ರಿಂದ ಲಾಟರಿ ನಡೆಸುತ್ತಿದೆ. ಕಾಸರಗೋಡಿನ ಬಂಧುಗಳು ಟಿಕೇಟು ಕೊಳ್ಳುವುದು ಅಪರಾಧವಲ್ಲ. ಕರ್ನಾಟಕದಲ್ಲಿ ಲಾಟರಿ 2007ರಲ್ಲಿ ನಿಂತಿತು. ಕುದುರೆಪಂದ್ಯವು ಕೌಶಲದ ಆಟವೆಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಕಾನೂನು ಬಿಟ್ಟದ್ದೆಲ್ಲ ಧರ್ಮವಾಗುವುದಿಲ್ಲ. ಕಾನೂನು ತಡೆದದ್ದೆಲ್ಲ ನಿಂತುಹೋಗುವುದೂ ಇಲ್ಲ. ಶಾಸ್ತ್ರದ ಮಾತನ್ನು ಕೇಳಿದರೆ ಬೇಡವೆಂದೇ ನಾವು ಹೇಳುತ್ತೇವೆ. ಆದರೂ ಆಡುತ್ತಿರುವವನೊಬ್ಬನು ಇದನ್ನು ಓದುತ್ತಿದ್ದರೆ, ಅವನಿಗೆ ಇಷ್ಟು: ಸಾಲದ ಹಣವನ್ನು ಮುಟ್ಟಬೇಡ, ಜಾತ್ರೆಯಲ್ಲಿ ಖರ್ಚಾದ ದುಡ್ಡಿನಂತೆ, ಹೋದರೆ ಹೋಯಿತೆಂದು ಬಿಡಬಹುದಾದಷ್ಟನ್ನು ಮೊದಲೇ ಎಣಿಸಿಡು, ಅದು ಮುಗಿದಾಗ ಏಳು, ಎದ್ದು ಬಂದು ಹೆಂಡತಿಗೆ ಹೇಳು. ಈ ನಾಲ್ಕರಲ್ಲಿ ಒಂದು ಕಷ್ಟವಾದ ದಿನ, ನಿನ್ನದು ಆಟವಾಗಿ ಉಳಿದಿಲ್ಲವೆಂದು ತಿಳಿ.

ಮನೆಯವರಿಗೆ ದಮಯಂತಿಯೇ ಗುರು. ನಳನು ಸೋಲುತ್ತಿದ್ದಾಗ ಅವಳು ಮಂತ್ರಿಗಳನ್ನೂ ಪುರಜನರನ್ನೂ ಬಾಗಿಲಿಗೆ ಕರೆಸಿದಳು, ರಾಜನು ಕಿವಿಗೊಡಲಿಲ್ಲ. ಆಗ ಅಳುತ್ತ ಕೂಡದೆ, ಸಾರಥಿಯಾದ ವಾರ್ಷ್ಣೇಯನನ್ನು ಕರೆದು, ಮಕ್ಕಳಿಬ್ಬರನ್ನೂ ರಥದಲ್ಲಿ ಕುಂಡಿನಪುರಕ್ಕೆ ಕಳುಹಿಸಿಬಿಟ್ಟಳು. ಆಮೇಲೆ ಗಂಡನೊಡನೆ ಉಟ್ಟ ಬಟ್ಟೆಯಲ್ಲಿ ಕಾಡಿಗೆ ನಡೆದಳು. ಮಕ್ಕಳದನ್ನು ಪಣದ ಕೈಗೆ ಸಿಗದಂತೆ ಮಾಡಿದಳು, ಗಂಡನನ್ನು ಬಿಡಲಿಲ್ಲ. ಎರಡೂ ಒಟ್ಟಿಗೆ ಸಾಧ್ಯವೆಂಬುದನ್ನು ಗಮನಿಸಬೇಕು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಸಂಬಳವು ಹೆಂಡತಿಯ ಅಥವಾ ತಾಯಿಯ ಖಾತೆಗೆ ಬರಲಿ. ಒಡವೆ, ಮನೆಪತ್ರಗಳು ಬೇರೆ ಕೈಯಲ್ಲಿರಲಿ. ಸಾಲವಿದ್ದರೆ ಅದು ಅವನ ದುಡಿಮೆಯಿಂದಲೇ ಕಂತಿನಲ್ಲಿ ತೀರಲಿ. ಬೈಗುಳದಿಂದ ಇದು ವಾಸಿಯಾಗುವುದಿಲ್ಲ, ಆಣೆಯಿಂದಲೂ ಆಗುವುದಿಲ್ಲ. ಜ್ವರ ಬಂದವನನ್ನು ವೈದ್ಯರಲ್ಲಿಗೆ ಕರೆದೊಯ್ಯುವಂತೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನಗಳಿಗೆ ಚಿಕಿತ್ಸೆಯ ವಿಭಾಗವಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ವ್ಯವಸ್ಥೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ದೂರವಾಣಿ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಸಾಲದಲ್ಲಿ ಮುಳುಗಿದವನ ಬಾಯಿಂದ "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ಅದನ್ನು ನೆಪವೆಂದು ತಳ್ಳಿಹಾಕದೆ, ಅಂದು ರಾತ್ರಿ ಅವನನ್ನು ಒಂಟಿಯಾಗಿ ಬಿಡದೆ, ಆಗಲೇ ಆ ಸಂಖ್ಯೆಗೆ ಕರೆಮಾಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ಗ್ರಹಶಾಂತಿಯನ್ನು ಆಮೇಲೆ ಮಾಡಿಸಬಹುದು.

ಮಾನಕ್ಕೆ ಅಂಜಿ ಮುಚ್ಚಿಡುವವರಿಗಾಗಿ ಇನ್ನೊಂದು ಕಥೆಯಿದೆ. ಅಕ್ಷಸೂಕ್ತದ ಋಷಿ ಕವಷ ಐಲೂಷನೆಂದು ಹೇಳುತ್ತಾರೆ. ಐತರೇಯ ಬ್ರಾಹ್ಮಣದಲ್ಲಿ ಅವನ ವೃತ್ತಾಂತ ಬರುತ್ತದೆ. ಋಷಿಗಳು ಸರಸ್ವತೀತೀರದಲ್ಲಿ ಸತ್ರವನ್ನು ಮಾಡುತ್ತಿದ್ದಾಗ, ದಾಸಿಯ ಮಗನೆಂದೂ ಜೂಜುಗಾರನೆಂದೂ ಅವನನ್ನು ಸೋಮದಿಂದ ಹೊರಗೆ ಹಾಕಿದರು. ಸರಸ್ವತಿಯ ನೀರೂ ದೊರೆಯದಿರಲೆಂದು ಮರಳುಗಾಡಿಗೆ ಅಟ್ಟಿದರು. ಬಾಯಾರಿ ಬಿದ್ದ ಅವನಿಗೆ ಅಲ್ಲಿ ಅಪ್‌ದೇವತೆಗಳ ಸೂಕ್ತವು ದರ್ಶನವಾಯಿತು. ಸರಸ್ವತಿಯು ತಾನೇ ಬಂದು ಅವನ ಸುತ್ತಲೂ ಹರಿದಳು. ಋಷಿಗಳು ಅದನ್ನು ಕಂಡು, ಇವನನ್ನು ದೇವತೆಗಳು ಬಲ್ಲರು ಎಂದು ಹೇಳಿ ಅವನನ್ನು ಮರಳಿ ಕರೆದುಕೊಂಡರು.

ಆ ಉಪಾಧ್ಯಾಯರು ಮನೆಯನ್ನು ಅಡವಿಡಲಿಲ್ಲ. ಮಗನನ್ನು ವೈದ್ಯರಲ್ಲಿಗೆ ತಾವೇ ಕರೆದುಕೊಂಡು ಹೋದರು. ಮಗಳನ್ನು ಕೇಳಿಬಂದವರಿಗೆ ಇದ್ದ ವಿಷಯವನ್ನು ಇದ್ದಂತೆ ತಿಳಿಸಿದರು. ಒಂದು ಕಡೆಯ ಮಾತು ಮುರಿದುಬಿದ್ದಿತು, ಇನ್ನೊಂದು ಕಡೆಯದು ನಿಂತಿತು. ವೈಶಾಖದಲ್ಲಿ ವಿವಾಹವೂ ಆಯಿತು. ಶ್ರಾವಣದಲ್ಲಿ ಮಗನು ಒಮ್ಮೆ ಜಾರಿದನಂತೆ. 2,000 ರೂಪಾಯಿ ಹೋಯಿತಂತೆ. ಅಂದು ರಾತ್ರಿ ಊಟಕ್ಕೆ ಕೂಡುವ ಮುನ್ನ ಹೆಂಡತಿಗೂ ತಂದೆಗೂ ತಾನಾಗಿಯೇ ಹೇಳಿದನಂತೆ. ಈ ಸಲದ ಪಾಡ್ಯಮಿಯಂದು ಮಂದಿರದ ಗೋಪೂಜೆಗೆ ಹುಲ್ಲಿನ ಹೊರೆಯನ್ನು ಹೊತ್ತು ತಂದವನು ಅವನೇ.

|| ಶ್ರೀಕೃಷ್ಣಾರ್ಪಣಮಸ್ತು ||